ದೊಡ್ಡ ಪೆಟ್ಟಿನ ಹಿಂದೆ ಅಡಗುವ ಟೊಳ್ಳು ಮೂಳೆ

ಬೆಂಗಳೂರಿನ ಯಾವುದೇ ದೊಡ್ಡ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಎರಡು ಬಗೆಯ ರೋಗಿಗಳು ಎದ್ದು ಕಾಣುತ್ತಾರೆ. ಬೈಕಿನಿಂದ ಬಿದ್ದ, ಲಾರಿ ಗುದ್ದಿದ, ಕಟ್ಟಡದ ಸಾರುವೆಯಿಂದ ಜಾರಿದ ಹರೆಯದ ಗಂಡಸರು ಒಂದು ಕಡೆ. ಬಚ್ಚಲಲ್ಲಿ ಕಾಲು ಜಾರಿದ, ನಡುರಾತ್ರಿ ಎದ್ದು ಹೊಸ್ತಿಲು ಎಡವಿದ ವಯಸ್ಸಾದ ಹೆಂಗಸರು ಇನ್ನೊಂದು ಕಡೆ. ಮೊದಲನೆಯವರದು ಅಪಘಾತ, ಎರಡನೆಯವರದು ವಯಸ್ಸಿನ ಕಾಯಿಲೆ ಎಂದು ಮನೆಯವರೂ ಹೇಳುತ್ತಾರೆ, ಬಹುಪಾಲು ವೈದ್ಯರೂ ಹಾಗೆಯೇ ಬರೆಯುತ್ತಾರೆ. ಇದಕ್ಕೊಂದು ಶಾಸ್ತ್ರೀಯ ಆಧಾರವೂ ಇದೆ. ನಿಂತ ಎತ್ತರದಿಂದ ಅಥವಾ ಅದಕ್ಕಿಂತ ಕೆಳಗಿನಿಂದ ಬಿದ್ದು ಮುರಿದರೆ ಅದು ದುರ್ಬಲ ಮೂಳೆಯ ಮುರಿತ. ಪೆಟ್ಟು ಅದಕ್ಕಿಂತ ಜೋರಾಗಿದ್ದರೆ ತಪ್ಪು ಪೆಟ್ಟಿನದು, ಮೂಳೆಯದಲ್ಲ.

ಈ ಗೆರೆ ಎಷ್ಟು ಸರಿ ಎಂದು ಪರೀಕ್ಷಿಸಲು ಭೂಕಂಪಕ್ಕಿಂತ ಕ್ರೂರವಾದ ಸಂದರ್ಭ ಬೇರೊಂದಿಲ್ಲ. ಒಂದೇ ನಿಮಿಷದಲ್ಲಿ, ಒಂದೇ ಊರಿನಲ್ಲಿ, ಎಳೆಯರು, ಮುದುಕರು, ಗಂಡಸರು, ಹೆಂಗಸರು ಎಲ್ಲರ ಮೇಲೂ ಭಾರ ಬೀಳುತ್ತದೆ. ಮರುದಿನದಿಂದ ಆಸ್ಪತ್ರೆಗಳು ಗಾಯಾಳುಗಳ ಪಟ್ಟಿ ಬರೆಯತೊಡಗುತ್ತವೆ. ಕೆಲವು ತಿಂಗಳ ನಂತರ ಆ ಪಟ್ಟಿಗಳೇ ವೈದ್ಯಕೀಯ ಪತ್ರಿಕೆಗಳಲ್ಲಿ ಅಧ್ಯಯನಗಳಾಗಿ ಬರುತ್ತವೆ. ಅವುಗಳಲ್ಲಿ ಹೆಂಗಸರ ಪಾಲು ದೊಡ್ಡದಾಗಿರುವುದು ಮತ್ತೆ ಮತ್ತೆ ಕಾಣುತ್ತದೆ.

2005ರ ಅಕ್ಟೋಬರ್ 8ರಂದು ಮುಜಫರಾಬಾದ್ ಸುತ್ತಮುತ್ತ 7.6 ತೀವ್ರತೆಯ ಭೂಕಂಪವಾಯಿತು. ಪಾಕಿಸ್ತಾನದ ಕಡೆಯಲ್ಲೇ 73,000ಕ್ಕೂ ಹೆಚ್ಚು ಜನ ಸತ್ತರು. ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ಕಳೆದುಕೊಂಡವರನ್ನು ರಾವಲ್ಪಿಂಡಿ, ಇಸ್ಲಾಮಾಬಾದ್ ಕಡೆಯ ಆಸ್ಪತ್ರೆಗಳಲ್ಲಿ ಎಣಿಸಿದಾಗ ಹೆಂಗಸರ ಸಂಖ್ಯೆ ಗಂಡಸರಿಗಿಂತ ಹೆಚ್ಚಿತ್ತು. ಜಗತ್ತಿನ ಯಾವ ದೇಶದಲ್ಲಾದರೂ ಮಾಮೂಲಿ ವರ್ಷಗಳಲ್ಲಿ ಬೆನ್ನುಹುರಿ ಪೆಟ್ಟಿನವರಲ್ಲಿ ಬಹುಪಾಲು ಗಂಡಸರೇ ಇರುತ್ತಾರೆ. ಇಲ್ಲಿ ಲೆಕ್ಕ ತಲೆಕೆಳಗಾಗಿತ್ತು. 1995ರ ಜನವರಿ 17ರ ಬೆಳಗಿನ ಜಾವ 5.46ಕ್ಕೆ ಜಪಾನಿನ ಕೋಬೆ ನಗರ ಕುಸಿದಾಗ ಸತ್ತ ಆರು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿಯೂ ಹೆಂಗಸರೇ ಹೆಚ್ಚು. ಅರ್ಧಕ್ಕಿಂತ ಹೆಚ್ಚು ಜನ ಅರವತ್ತು ದಾಟಿದವರು. 2015ರ ಏಪ್ರಿಲ್ 25ರ ನೇಪಾಳ ಭೂಕಂಪದಲ್ಲಿ ಸುಮಾರು 9,000 ಜನ ಸತ್ತರು, 22,000 ಜನ ಗಾಯಗೊಂಡರು. ಸತ್ತವರಲ್ಲಿ ಅಲ್ಲಿಯೂ ಹೆಂಗಸರ ಸಂಖ್ಯೆ ಮುಂದಿತ್ತು.

ಇಷ್ಟು ಓದಿದವರಿಗೆ ಒಂದು ತೀರ್ಮಾನ ತಾನಾಗಿ ಹೊಳೆಯುತ್ತದೆ: ಹೆಂಗಸರ ಮೂಳೆ ಬಲಹೀನ, ಆದ್ದರಿಂದ ಭೂಕಂಪದಲ್ಲಿ ಅವರದೇ ಹೆಚ್ಚು ಮುರಿಯುತ್ತದೆ. ಕೇಳಲು ಸರಿಯಾಗಿಯೇ ಇದೆ. ಆದರೆ ಇದರಲ್ಲಿ ಅರ್ಧ ಮಾತ್ರ ನಿಜ, ಮತ್ತು ಯಾವ ಅರ್ಧ ಎಂಬುದು ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ.

ಮುಜಫರಾಬಾದಿನ ಬೆನ್ನುಹುರಿ ರೋಗಿಗಳನ್ನೇ ನೋಡಿ. ಅವರ ಸರಾಸರಿ ವಯಸ್ಸು ಮೂವತ್ತರೊಳಗೆ. ಅದು ಮೂಳೆ ತನ್ನ ಜೀವಮಾನದಲ್ಲೇ ಅತ್ಯಂತ ಗಟ್ಟಿಯಾಗಿರುವ ವಯಸ್ಸು. ಆ ಹೆಂಗಸರ ಬೆನ್ನು ಮುರಿದದ್ದು ಸುಣ್ಣದಂಶ ಕಡಿಮೆಯಾಗಿ ಅಲ್ಲ. ಭೂಮಿ ನಡುಗಿದ್ದು ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ. ಮಕ್ಕಳು ಶಾಲೆಯಲ್ಲಿದ್ದರು, ಗಂಡಸರಲ್ಲಿ ಹಲವರು ಹೊಲದಲ್ಲೋ ರಸ್ತೆಯಲ್ಲೋ ಇದ್ದರು, ಹೆಂಗಸರು ಕಲ್ಲು ಮಣ್ಣಿನ ಗೋಡೆಗಳ ನಡುವೆ ಮನೆಗೆಲಸದಲ್ಲಿದ್ದರು. ಮನೆಯೊಳಗೆ ಇದ್ದವರ ಮೇಲೆ ಮನೆ ಬಿತ್ತು. ಸಾಲದ್ದಕ್ಕೆ ಬೆನ್ನು ಮುರಿದವರನ್ನು ಹಲಗೆಯ ಮೇಲೆ ಅಲುಗದಂತೆ ಮಲಗಿಸಿ ಸಾಗಿಸುವ ವ್ಯವಸ್ಥೆ ಬೆಟ್ಟದೂರುಗಳಲ್ಲಿ ಇರಲಿಲ್ಲ; ಕೈಕಾಲು ಹಿಡಿದು ಎತ್ತಿಕೊಂಡು ಇಳಿದರು. ಇಲ್ಲಿ ಹೆಣ್ಣಾಗಿರುವುದು ಅಪಾಯ ತಂದದ್ದು ದೇಹದ ಮೂಲಕವಲ್ಲ, ದಿನಚರಿಯ ಮೂಲಕ.

ಕೋಬೆಯ ಕತೆ ಬೇರೆ. ಅಲ್ಲಿ ಎಲ್ಲರೂ ಮಲಗಿದ್ದ ಹೊತ್ತು, ಹಾಗಾಗಿ ದಿನಚರಿಯ ವ್ಯತ್ಯಾಸ ಕಡಿಮೆ. ಸತ್ತವರು ವಯಸ್ಸಾದವರು, ವಯಸ್ಸಾದವರಲ್ಲಿ ಹೆಂಗಸರೇ ಹೆಚ್ಚು, ಏಕೆಂದರೆ ಹೆಂಗಸರು ಹೆಚ್ಚು ಕಾಲ ಬದುಕುತ್ತಾರೆ. ಅಂಥವರಲ್ಲಿ ಅನೇಕರು ಹಳೆಯ ಮರದ ಮನೆಗಳಲ್ಲಿ, ಭಾರದ ಹೆಂಚಿನ ಚಾವಣಿಯಡಿ, ನೆಲ ಅಂತಸ್ತಿನಲ್ಲಿ ಮಲಗಿದ್ದರು. ಅವರ ಮೂಳೆ ದುರ್ಬಲವಾಗಿತ್ತೇ? ಬಹುಪಾಲು ಮಂದಿಯದು ಇದ್ದಿರಬೇಕು. ಆದರೆ ಸಾವಿಗೆ ಅದೇ ಕಾರಣ ಎನ್ನಲು ಆಸ್ಪತ್ರೆಯ ಪಟ್ಟಿ ಸಾಕಾಗದು. ವಯಸ್ಸು, ಮನೆಯ ಪ್ರಾಯ, ಒಂಟಿತನ, ಮೂಳೆ ಎಲ್ಲವೂ ಒಂದೇ ಮಂಚದ ಮೇಲೆ ಮಲಗಿರುವಾಗ ಯಾವುದನ್ನು ಬೇರ್ಪಡಿಸುವುದು?

ಆಸ್ಪತ್ರೆಯ ಪಟ್ಟಿಯಲ್ಲಿ ಯಾರಿರುವುದಿಲ್ಲ

ಆಸ್ಪತ್ರೆಯನ್ನು ಆಧರಿಸಿದ ಸಂಶೋಧನೆಗೆ ಒಂದು ಹುಟ್ಟುದೋಷವಿದೆ: ಬಂದವರನ್ನು ಮಾತ್ರ ಅದು ನೋಡುತ್ತದೆ. 1946ರಲ್ಲೇ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೋಸೆಫ್ ಬರ್ಕ್‌ಸನ್ ಇದನ್ನು ಗಣಿತದ ಮೂಲಕ ತೋರಿಸಿದ್ದರು. ಆಸ್ಪತ್ರೆಗೆ ದಾಖಲಾದವರಲ್ಲಿ ಎರಡು ಕಾಯಿಲೆಗಳು ಒಟ್ಟೊಟ್ಟಿಗೆ ಕಂಡರೆ, ಊರಿನಲ್ಲೂ ಅವು ಒಟ್ಟಿಗೇ ಇರುತ್ತವೆ ಎನ್ನುವಂತಿಲ್ಲ. ದಾಖಲಾಗುವ ಪ್ರಕ್ರಿಯೆಯೇ ಅಂಥ ಜೋಡಿಯನ್ನು ಹುಟ್ಟಿಸಬಲ್ಲದು. ಭೂಕಂಪದಲ್ಲಿ ಈ ದೋಷ ಇಮ್ಮಡಿಯಾಗುತ್ತದೆ. ತಲೆ, ಎದೆಗೆ ಭಾರೀ ಪೆಟ್ಟು ಬಿದ್ದವರು ಅವಶೇಷದಡಿಯೇ ಸಾಯುತ್ತಾರೆ. ಆಸ್ಪತ್ರೆ ತಲುಪುವವರಲ್ಲಿ ಕೈಕಾಲು ಮುರಿದವರು ಹೆಚ್ಚು, ಅದರಲ್ಲೂ ಕಾಲು. ಇದನ್ನು ಓದಿ ‘ಭೂಕಂಪದಲ್ಲಿ ಕಾಲೇ ಹೆಚ್ಚು ಮುರಿಯುತ್ತದೆ’ ಎನ್ನುವುದಕ್ಕಿಂತ ‘ಕಾಲು ಮುರಿದವರೇ ಹೆಚ್ಚು ಬದುಕಿ ಬರುತ್ತಾರೆ’ ಎನ್ನುವುದು ಸತ್ಯಕ್ಕೆ ಹತ್ತಿರ.

ಆಸ್ಪತ್ರೆಯೇ ಬಿದ್ದುಹೋದರೆ? 2001ರ ಜನವರಿ 26ರ ಬೆಳಿಗ್ಗೆ ಗುಜರಾತಿನ ಭೂಕಂಪದಲ್ಲಿ ಭುಜ್‌ನ ಸಿವಿಲ್ ಆಸ್ಪತ್ರೆಗೆ ಆದದ್ದು ಅದೇ. ರೋಗಿಗಳೂ ಸಿಬ್ಬಂದಿಯೂ ಕಟ್ಟಡದಡಿ ಸಿಲುಕಿದರು. ಊರಿನ ಗಾಯಾಳುಗಳನ್ನು ಬಯಲಿನಲ್ಲಿ ಹಾಸಿದ ಚಾಪೆಗಳ ಮೇಲೆ ನೋಡಬೇಕಾಯಿತು. ಅಹಮದಾಬಾದ್, ರಾಜಕೋಟ್ ಆಸ್ಪತ್ರೆಗಳ ದಾಖಲೆಯಲ್ಲಿ ಸಿಗುವವರು ಆ ದೂರದ ಪ್ರಯಾಣವನ್ನು ತಾಳಿಕೊಂಡವರು, ಕರೆದೊಯ್ಯಲು ಯಾರಾದರೂ ಇದ್ದವರು. ಒಂಟಿ ಮುದುಕಿಯನ್ನು ಕರೆದೊಯ್ಯುವವರು ಯಾರು ಎಂಬ ಪ್ರಶ್ನೆ ದಾಖಲೆಯಲ್ಲಿ ಇರುವುದಿಲ್ಲ. ಭುಜ್‌ನ ಹೊಸ ಆಸ್ಪತ್ರೆಯನ್ನು ನಂತರ ಕಂಪನ ತಾಳುವಂತೆ, ತಳಪಾಯ ಮತ್ತು ಕಟ್ಟಡದ ನಡುವೆ ರಬ್ಬರ್ ಅಡಿಗಟ್ಟುಗಳನ್ನಿಟ್ಟು ಕಟ್ಟಿದ್ದಾರೆ.

ನಮ್ಮ ಕಡೆ ಇನ್ನೊಂದು ಸೋರುವ ಕಂಡಿ ಇದೆ. ಬೆಂಗಳೂರಿನ ಬಡಾವಣೆಗಳಲ್ಲಿ ಸುತ್ತಾಡಿದರೆ ‘ಪುತ್ತೂರು ಕಟ್ಟು’ ಎಂಬ ಫಲಕ ಕಾಣದೆ ಇರುವುದಿಲ್ಲ. ಆಂಧ್ರದ ಪುತ್ತೂರಿನ ಹೆಸರಿನಲ್ಲಿ ಮೂಳೆ ಕೂರಿಸಿ ಪಟ್ಟಿ ಕಟ್ಟುವ ಈ ಅಂಗಡಿಗಳಿಗೆ ಮಣಿಕಟ್ಟು ಮುರಿದ, ಪಾದ ಉಳುಕಿದ ಎಷ್ಟೋ ಜನ ನೇರವಾಗಿ ಹೋಗುತ್ತಾರೆ. ಆಪರೇಷನ್ ಬೇಡ, ಖರ್ಚು ಕಡಿಮೆ, ಅದೇ ದಿನ ಮನೆ. ಐವತ್ತೈದರ ಹೆಂಗಸಿನ ಮಣಿಕಟ್ಟಿನ ಮುರಿತವೆಂದರೆ ಮೂಳೆ ಟೊಳ್ಳಾಗುತ್ತಿರುವುದರ ಮೊದಲ ಸೂಚನೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಆ ಮೊದಲ ಸೂಚನೆಯೇ ಆಸ್ಪತ್ರೆಯ ಪುಸ್ತಕಕ್ಕೆ ಬರದಿದ್ದರೆ, ಹತ್ತು ವರ್ಷದ ನಂತರ ಸೊಂಟ ಮುರಿದುಕೊಂಡು ಬಂದಾಗ ವೈದ್ಯರಿಗೆ ಅದು ಮೊದಲ ಮುರಿತವಾಗಿ ಕಾಣುತ್ತದೆ. ಕಟ್ಟು ಕಟ್ಟುವವರನ್ನು ಹಳಿಯುವುದರಿಂದ ಈ ಕೊರತೆ ತುಂಬುವುದಿಲ್ಲ. ಅವರ ಅಂಗಡಿಯಲ್ಲೂ ಒಂದು ಪುಸ್ತಕ ಇಡಿಸಿ ಲೆಕ್ಕ ಕೇಳಿದರೆ ತುಂಬಬಹುದು.

ಇನ್ನು ಬೆನ್ನುಮೂಳೆ. ಮೂಳೆ ಟೊಳ್ಳಾದವರ ಬೆನ್ನಿನ ಮಣಿಗಳು ಸದ್ದಿಲ್ಲದೆ ಕುಸಿಯುತ್ತವೆ. ಇಂಥ ಮುರಿತಗಳಲ್ಲಿ ಸುಮಾರು ಮೂರನೇ ಎರಡು ಭಾಗ ಯಾವ ವೈದ್ಯರ ಗಮನಕ್ಕೂ ಬರುವುದಿಲ್ಲ. ಅಜ್ಜಿ ಗಿಡ್ಡವಾದರು, ಗೂನು ಬಂತು, ‘ವಯಸ್ಸಾಯಿತಲ್ಲ’ ಎಂದು ಮುಗಿಸುತ್ತೇವೆ.

ಗೆರೆಯ ಆಚೆ ಈಚೆ

ಜೋರಾದ ಪೆಟ್ಟಿಗೆ ಮುರಿದರೆ ಮೂಳೆಯ ತಪ್ಪಿಲ್ಲ ಎಂಬ ನಂಬಿಕೆಯನ್ನು ಅಲುಗಾಡಿಸಿದ್ದು ಭೂಕಂಪವಲ್ಲ, 2007ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ ಬಂದ ಒಂದು ಅಧ್ಯಯನ. ಸಾವಿರಾರು ಹಿರಿಯ ಹೆಂಗಸರು ಮತ್ತು ಗಂಡಸರ ಮೂಳೆ ಸಾಂದ್ರತೆಯನ್ನು ಮೊದಲೇ ಅಳೆದಿಟ್ಟು, ವರ್ಷಗಟ್ಟಲೆ ಅವರ ಹಿಂದೆ ಹೋಗಿ, ಯಾರಿಗೆ ಯಾವ ರೀತಿ ಮುರಿಯಿತು ಎಂದು ದಾಖಲಿಸಿದ್ದರು. ವಾಹನ ಗುದ್ದಿ, ಎತ್ತರದಿಂದ ಬಿದ್ದು ಮುರಿದುಕೊಂಡವರಲ್ಲಿಯೂ ಸಾಂದ್ರತೆ ಕಡಿಮೆಯಿದ್ದವರೇ ಹೆಚ್ಚು. ನಿಂತಲ್ಲೇ ಬಿದ್ದು ಮುರಿದುಕೊಂಡವರಲ್ಲಿ ಸಾಂದ್ರತೆಗೂ ಮುರಿತಕ್ಕೂ ಎಂಥ ನಂಟು ಇತ್ತೋ, ಹೆಚ್ಚೂಕಡಿಮೆ ಅಷ್ಟೇ ನಂಟು ಇಲ್ಲಿಯೂ ಇತ್ತು. ಹಾಗೆಂದರೆ ಅರುವತ್ತೈದರ ಹೆಂಗಸಿಗೆ ಆಟೊ ಗುದ್ದಿ ತೊಡೆ ಮುರಿದರೆ, ‘ಆಟೊ ಗುದ್ದಿತು’ ಎಂದು ಬರೆದು ಕಡತ ಮುಚ್ಚುವಂತಿಲ್ಲ. ಆಟೊ ಗುದ್ದಿದ್ದೂ ನಿಜ, ಮೂಳೆ ಟೊಳ್ಳಾಗಿದ್ದೂ ನಿಜವಿರಬಹುದು. ಗುದ್ದು ದೊಡ್ಡದಾದಷ್ಟೂ ಟೊಳ್ಳನ್ನು ಹುಡುಕುವ ಗೊಡವೆಗೆ ಯಾರೂ ಹೋಗುವುದಿಲ್ಲ.

ಭೂಕಂಪದ ಅಧ್ಯಯನಗಳಲ್ಲಿ ಇದೇ ಮರೆವು ಢಾಳಾಗಿ ಕಾಣುತ್ತದೆ. ಪಟ್ಟಿಯಲ್ಲಿ ವಯಸ್ಸು, ಲಿಂಗ, ಮುರಿದ ಮೂಳೆ, ಮಾಡಿದ ಶಸ್ತ್ರಚಿಕಿತ್ಸೆ, ಕೀವು, ಕಾಲು ಕತ್ತರಿಸಿದ್ದು, ಸತ್ತದ್ದು ಎಲ್ಲವೂ ಇರುತ್ತವೆ. ಮುಟ್ಟು ನಿಂತು ಎಷ್ಟು ವರ್ಷವಾಯಿತು, ಹಿಂದೆ ಎಲ್ಲಾದರೂ ಮುರಿದಿತ್ತೇ, ಗರ್ಭಕೋಶ ತೆಗೆಸಿದ್ದಾರೆಯೇ ಎಂಬುದು ಅಪರೂಪ. ಕಾರಣ ಅರ್ಥವಾಗುವಂಥದ್ದೇ. ಅವಶೇಷದಡಿ ಗಂಟೆಗಟ್ಟಲೆ ಸಿಲುಕಿದವರ ಸ್ನಾಯು ನುಜ್ಜಾಗಿ, ಅದರೊಳಗಿನ ಪೊಟ್ಯಾಸಿಯಂ ಮತ್ತು ಮಯೋಗ್ಲೋಬಿನ್ ರಕ್ತಕ್ಕೆ ಸೇರಿ, ಹೃದಯ ನಿಲ್ಲಬಹುದು, ಮೂತ್ರಪಿಂಡ ಕೆಡಬಹುದು. 1941ರಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ಬೈವಾಟರ್ಸ್ ಎಂಬ ವೈದ್ಯರು ವಿವರಿಸಿದ ಈ ‘ಕ್ರಷ್ ಸಿಂಡ್ರೋಮ್’ 1999ರ ಟರ್ಕಿ ಭೂಕಂಪದಲ್ಲಿ ನೂರಾರು ಮಂದಿಯನ್ನು ಡಯಾಲಿಸಿಸ್ ಯಂತ್ರದವರೆಗೆ ಒಯ್ದಿತು. ಅಂಥ ಹೊತ್ತಿನಲ್ಲಿ ಮುಟ್ಟಿನ ಚರಿತ್ರೆ ಕೇಳುವ ವೈದ್ಯರನ್ನು ಯಾರೂ ಮೆಚ್ಚರು. ಆದರೆ ಮೂರನೇ ವಾರದಲ್ಲಿ, ರೋಗಿ ಮಂಚದ ಮೇಲೆ ಎದ್ದು ಕೂತಿರುವಾಗಲೂ ಕೇಳುವುದಿಲ್ಲವಲ್ಲ, ತಕರಾರು ಅದಕ್ಕೆ.

ಕೇಳದೆ ಇರುವುದರ ಬೆಲೆ ನಂತರ ತಿಳಿಯುತ್ತದೆ. ಟೊಳ್ಳು ಮೂಳೆಗೆ ಹಾಕಿದ ಸ್ಕ್ರೂ ಹಿಡಿಯುವುದಿಲ್ಲ, ಪ್ಲೇಟ್ ಸಡಿಲವಾಗುತ್ತದೆ. ಸ್ಕ್ರೂ ತಲೆ ಪ್ಲೇಟಿಗೇ ಬಿಗಿಯುವ ಬೇರೆ ಬಗೆಯ ಪ್ಲೇಟ್ ಬೇಕಾಗುತ್ತದೆ. ವಾರಗಟ್ಟಲೆ ಮಲಗಿದರೆ ಇದ್ದ ಮೂಳೆಯೂ ಕರಗುತ್ತದೆ. ಬೆನ್ನುಹುರಿ ಕಡಿದವರಲ್ಲಿ ಸೊಂಟದ ಕೆಳಗಿನ ಮೂಳೆ ಮೊದಲ ಒಂದೆರಡು ವರ್ಷಗಳಲ್ಲಿ ಎಷ್ಟು ವೇಗವಾಗಿ ಸವೆಯುತ್ತದೆಂದರೆ, ಗಾಲಿಕುರ್ಚಿಯಿಂದ ಮಂಚಕ್ಕೆ ಸರಿಯುವಾಗಲೇ ತೊಡೆ ಮುರಿಯುವುದುಂಟು. ಇಪ್ಪತ್ತೆಂಟರ ಹೆಣ್ಣಿಗೆ ಭೂಕಂಪದ ದಿನ ಇಲ್ಲದಿದ್ದ ಆಸ್ಟಿಯೊಪೊರೋಸಿಸ್, ಎಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಮೂವತ್ತಕ್ಕೆ ಬಂದಿರುತ್ತದೆ. ನೋಂದಣಿ ಪುಸ್ತಕ ಮಾತ್ರ ಆಕೆಯನ್ನು ಡಿಸ್ಚಾರ್ಜ್ ಆದ ದಿನಕ್ಕೇ ಮರೆತಿರುತ್ತದೆ. 2011ರ ದೊಡ್ಡ ಭೂಕಂಪ ಮತ್ತು ಸುನಾಮಿಯ ನಂತರ ಜಪಾನಿನ ತಾತ್ಕಾಲಿಕ ವಸತಿಗಳಲ್ಲಿ ಹಿರಿಯರು ಕೆಲಸವಿಲ್ಲದೆ, ಓಡಾಟವಿಲ್ಲದೆ ಕೂತು ಕೂತೇ ನಡೆಯುವ ಶಕ್ತಿ ಕಳೆದುಕೊಂಡದ್ದನ್ನು ಅಲ್ಲಿನ ವೈದ್ಯರು ದಾಖಲಿಸಿದ್ದಾರೆ.

ಬೆಂಗಳೂರಿಗೆ ಇದರಿಂದೇನು

ಭೂಕಂಪ ತಾಳುವ ಕಟ್ಟಡಗಳಿಗಾಗಿ ದೇಶ ರೂಪಿಸಿದ ಐಎಸ್ 1893 ಸಂಹಿತೆಯ 2016ರ ಆವೃತ್ತಿಯಲ್ಲಿ ಬೆಂಗಳೂರು ಎರಡನೇ ವಲಯದಲ್ಲಿದೆ, ಎಂದರೆ ಅತಿ ಕಡಿಮೆ ಅಪಾಯದ ಪಟ್ಟಿಯಲ್ಲಿ. ಮಂಗಳೂರು, ಕಾರವಾರ, ಧಾರವಾಡ, ಬೆಳಗಾವಿ, ವಿಜಯಪುರ ಮೂರನೇ ವಲಯದಲ್ಲಿವೆ. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ದಿನಗಟ್ಟಲೆ ಮನೆಯ ಹೊರಗೆ ಮಲಗಿದ್ದು, ಅದೇ ವರ್ಷದ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಪಾತ್ರೆಗಳು ಅಲುಗಿದ್ದು ನೆನಪಿರಬಹುದು. ಸಣ್ಣವು. ಹೆದರಿಸುವುದಕ್ಕೆ ಹೇಳುತ್ತಿಲ್ಲ. ಆದರೆ ಕಡಿಮೆ ಅಪಾಯ ಎಂಬ ಪಟ್ಟಿಯನ್ನು ಶಾಸನವಾಗಿ ಓದಬಾರದು ಎನ್ನುವುದಕ್ಕೆ ನಮ್ಮ ಗಡಿಯ ಆಚೆಯೇ ಸಾಕ್ಷಿ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನ 3.56ಕ್ಕೆ ಲಾತೂರ್ ಜಿಲ್ಲೆಯ ಕಿಲ್ಲಾರಿ ನೆಲಸಮವಾದಾಗ ಆ ಪ್ರದೇಶ ಅಂದಿನ ನಕ್ಷೆಯಲ್ಲಿ ಒಂದನೇ ವಲಯದಲ್ಲಿತ್ತು, ಇದ್ದುದರಲ್ಲೇ ಅತಿ ಸುರಕ್ಷಿತ. ಹಿಂದಿನ ರಾತ್ರಿ ಗಣೇಶ ವಿಸರ್ಜನೆ ಮುಗಿಸಿ ಜನ ತಡವಾಗಿ ಮಲಗಿದ್ದರು. ಕಲ್ಲಿನ ಗೋಡೆ, ದಪ್ಪ ಮಣ್ಣಿನ ಮಾಳಿಗೆ. ಸುಮಾರು ಹತ್ತು ಸಾವಿರ ಜನ ಸತ್ತರು. 2002ರ ಪರಿಷ್ಕರಣೆಯಲ್ಲಿ ಒಂದನೇ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಿದರು.

ಬೆಂಗಳೂರಿಗೆ ಭೂಕಂಪ ಬರುತ್ತದೋ ಇಲ್ಲವೋ, ಇಲ್ಲಿನ ಹೆಂಗಸರ ಮೂಳೆಗೆ ದಿನಾ ಪೆಟ್ಟು ಬೀಳುತ್ತಿದೆ. ಕಲ್ಲು ಎದ್ದ ಕಾಲುದಾರಿ, ಮುಚ್ಚಳ ಸರಿದ ಚರಂಡಿ, ಬೈಕಿನ ಹಿಂದೆ ಕೂತವರ ಸೀರೆ ಸೆರಗು ಚಕ್ರಕ್ಕೆ ಸಿಕ್ಕಿ ಬೀಳುವುದು, ನಿಲ್ಲುವ ಮೊದಲೇ ಹೊರಡುವ ಬಸ್. ಹಂಪ್ ಮೇಲೆ ಬಸ್ ಹಾರಿದಾಗ ಹಿಂದಿನ ಸೀಟಿನಲ್ಲಿದ್ದವರ ಬೆನ್ನುಮಣಿ ಕುಸಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ನಮ್ಮ ಹಂಪ್‌ಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಕ್ಕಿಲ್ಲ.

ಪೆಟ್ಟು ತಾಳುವ ಮೂಳೆ ಹೇಗಿದೆ? ಮೂವತ್ತರ ಹೊತ್ತಿಗೆ ಮೂಳೆ ತನ್ನ ಗರಿಷ್ಠ ಸಾಂದ್ರತೆ ಮುಟ್ಟುತ್ತದೆ. ಹಾಲೂಡಿಸುವಾಗ ತಾಯಿಯ ಮೂಳೆಯಿಂದ ಕ್ಯಾಲ್ಸಿಯಂ ಹೋಗುವುದು ನಿಜ, ಆದರೆ ಊಟ ಸರಿಯಿದ್ದರೆ ಮಗು ಹಾಲು ಬಿಟ್ಟ ಮೇಲೆ ಅದು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ‘ಹೆತ್ತು ಹೆತ್ತು ಮೂಳೆ ಸವೆಯಿತು’ ಎಂಬ ಮಾತನ್ನು ಪೂರ್ತಿ ನಂಬಬೇಕಿಲ್ಲ. ತುಂಬಿಕೊಳ್ಳದ ನಷ್ಟ ಆರಂಭವಾಗುವುದು ಮುಟ್ಟು ನಿಂತು ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದಾಗ. ಮೂಳೆಯನ್ನು ಕೆರೆದು ತೆಗೆಯುವ ಕಣಗಳ ಕೈ ಮೇಲಾಗುತ್ತದೆ, ಕಟ್ಟುವ ಕಣಗಳು ಹಿಂದೆ ಬೀಳುತ್ತವೆ. ಮೊದಲ ಐದಾರು ವರ್ಷ ಈ ಸವೆತ ಅತಿ ವೇಗ. ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46ರ ಆಸುಪಾಸಿನಲ್ಲಿ, ಪಾಶ್ಚಾತ್ಯ ದೇಶಗಳವರಿಗಿಂತ ನಾಲ್ಕೈದು ವರ್ಷ ಮೊದಲು. ಸೊಂಟದ ಮುರಿತವೂ ನಮ್ಮಲ್ಲಿ ಮೊದಲೇ ಬರುತ್ತದೆ.

ಮುಟ್ಟು ನಿಲ್ಲುವುದನ್ನು ಇನ್ನೂ ಮುಂಚೆಯೇ ತರುವ ಒಂದು ಶಸ್ತ್ರಚಿಕಿತ್ಸೆ ಇದೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 3.2ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ನೆರೆಯ ಆಂಧ್ರ, ತೆಲಂಗಾಣಗಳಲ್ಲಿ ಇದರ ಎರಡು ಪಟ್ಟಿಗಿಂತಲೂ ಹೆಚ್ಚು. ಅದೇ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆದ ಆರೋಪ ಎದ್ದು, ಹೋರಾಟಗಳೂ ವಿಚಾರಣೆಯೂ ನಡೆದವು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದಿದ್ದರೆ ಮೂವತ್ತೈದರ ಹೆಣ್ಣಿನ ಮೂಳೆಗೆ ಅಂದಿನಿಂದಲೇ ಮುಟ್ಟು ನಿಂತ ಲೆಕ್ಕ. ಆ ಹೆಂಗಸರಲ್ಲಿ ಎಷ್ಟೋ ಮಂದಿಗೆ ಒಳಗಿನಿಂದ ಏನೇನು ತೆಗೆದರು ಎಂದು ಯಾರೂ ಹೇಳಿಯೇ ಇಲ್ಲ. ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ವಲಸೆ ಬರುವವರಲ್ಲಿ ಕಲ್ಯಾಣ ಕರ್ನಾಟಕದ ಇಂಥ ಕುಟುಂಬಗಳವರೂ ಅನೇಕರು. ಅಂಥವರೊಬ್ಬರು ನಲವತ್ತೆರಡಕ್ಕೆ ಸಾರುವೆಯಿಂದ ಬಿದ್ದು ಬಂದರೆ, ದಾಖಲೆ ‘ಕೆಲಸದ ಸ್ಥಳದ ಅಪಘಾತ’ ಎನ್ನುತ್ತದೆ. ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ.

ಬಿಸಿಲು ಬೇಕಾದಷ್ಟಿರುವ ನಾಡಿನಲ್ಲಿ ವಿಟಮಿನ್ ಡಿ ಕೊರತೆ ವ್ಯಾಪಕವಾಗಿದೆ ಎಂಬುದು ಈಗ ಹಳೆಯ ಸುದ್ದಿ. ಮುಂಜಾನೆ ಗಾರ್ಮೆಂಟ್ಸ್ ಕಾರ್ಖಾನೆಯ ಒಳಗೆ ಹೋಗಿ ಸಂಜೆ ಹೊರಬರುವ ಹೆಂಗಸಿಗೆ ಬಿಸಿಲು ಇದ್ದರೇನು, ಬಿಟ್ಟರೇನು. ಐಟಿ ಕಚೇರಿಗಳ ಗಾಜಿನ ಗೋಡೆಯೂ ಅಷ್ಟೇ, ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಕಿರಣ ಗಾಜನ್ನು ದಾಟುವುದಿಲ್ಲ. ಊಟದ ವಿಷಯದಲ್ಲಿ ನಮಗೊಂದು ಅನುಕೂಲವಿದೆ: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಅಕ್ಕಿಯಲ್ಲಿ ಅದಕ್ಕೆ ಹೋಲಿಸಿದರೆ ತೀರಾ ಕಡಿಮೆ. ರಾಗಿಯೊಳಗಿನ ಫೈಟೇಟ್, ಆಕ್ಸಲೇಟ್‌ಗಳು ಆ ಕ್ಯಾಲ್ಸಿಯಂ ಮೈಗೆ ಹತ್ತಲು ಸ್ವಲ್ಪ ಅಡ್ಡ ಬರುತ್ತವೆ. ಮೊಳಕೆ ಕಟ್ಟಿಸಿದರೆ ಫೈಟೇಟ್ ತಗ್ಗುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಮುದ್ದೆಯೊಂದರಿಂದಲೇ ಅದು ಒದಗುವುದಿಲ್ಲ, ಹಾಲು ಮೊಸರೂ ಸೇರಬೇಕು. ಬಡವರ ಮನೆಯಲ್ಲಿ ಹಾಲು ಮಕ್ಕಳಿಗೂ ಚಹಾಕ್ಕೂ ಹಂಚಿಹೋದ ಮೇಲೆ ಉಳಿಯುವುದೆಷ್ಟು ಎಂಬುದು ಬೇರೆ ಮಾತು.

ಅಳತೆಯಲ್ಲೂ ನಮ್ಮ ರಾಜ್ಯಕ್ಕೆ ಒಂದು ವಿಶೇಷ ತೊಡಕಿದೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ನಿಗದಿಪಡಿಸಿದ ಮಾನದಂಡದಂತೆ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಈ ಅಂಕಿ ಹೋಲಿಸುವುದು ಆರೋಗ್ಯವಂತ ಯುವತಿಯರ ಸರಾಸರಿಗೆ, ಅದೂ ಬಹುಪಾಲು ಯಂತ್ರಗಳಲ್ಲಿ ಅಮೆರಿಕದ ಬಿಳಿಯ ಹೆಂಗಸರ ಸರಾಸರಿಗೆ. ಸಣ್ಣ ಮೈಕಟ್ಟಿನವರ ಚಿಕ್ಕ ಮೂಳೆಯನ್ನು ಯಂತ್ರ ತೆಳುವೆಂದು ಓದುತ್ತದೆ. ಇದು ಎಲ್ಲ ಭಾರತೀಯರ ತೊಡಕು. ನಮ್ಮದೇ ತೊಡಕು ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಕೊಪ್ಪಳ, ರಾಯಚೂರು ಕಡೆಯ ಕೊಳವೆಬಾವಿ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆಯಲ್ಲಿ ಫ್ಲೋರೈಡ್ ಸೇರಿ ಸಾಂದ್ರತೆ ಏರುತ್ತದೆ. ಸ್ಕ್ಯಾನ್ ಚೆನ್ನಾಗಿದೆ ಎನ್ನುತ್ತದೆ, ಮೂಳೆ ಮಾತ್ರ ಬಾಗದೆ ಪಟ್ಟನೆ ಮುರಿಯುತ್ತದೆ. ಸಿಮೆಂಟ್ ಜಾಸ್ತಿ ಸುರಿದು ಕಂಬಿ ಕಡಿಮೆ ಹಾಕಿದ ಪಿಲ್ಲರ್ ಭೂಕಂಪದಲ್ಲಿ ಹೇಗೆ ಒಡೆಯುತ್ತದೋ ಹಾಗೆ: ಭಾರ ಹೊರುವ ಶಕ್ತಿ ಖನಿಜದ್ದಾದರೆ, ಬಾಗಿ ತಾಳುವ ಶಕ್ತಿ ಕೊಲಾಜನ್ ಎಂಬ ಪ್ರೋಟೀನ್ ಎಳೆಗಳದು. ಕೋಲಾರದಿಂದ ಬೆಂಗಳೂರಿನ ಆಸ್ಪತ್ರೆಗೆ ಬಂದ ಹೆಂಗಸಿನ ಟಿ-ಸ್ಕೋರನ್ನು ಅವರ ಊರಿನ ನೀರಿನ ಪರೀಕ್ಷಾ ವರದಿ ಇಲ್ಲದೆ ಓದುವುದು ಅರೆಓದು.

ಇಷ್ಟೆಲ್ಲ ಹೇಳಿದ ಮೇಲೆ ‘ಎಲ್ಲರಿಗೂ ಡೆಕ್ಸಾ ಮಾಡಿಸಿ’ ಎಂದು ಬರೆಯುವುದು ಸುಲಭ, ಕೆಲಸಕ್ಕೆ ಬಾರದ ಸಲಹೆಯೂ ಹೌದು. ಜಿಲ್ಲಾ ಆಸ್ಪತ್ರೆಗಳಲ್ಲಿ ಆ ಯಂತ್ರವೇ ವಿರಳ. ಆದರೆ ಅಪಘಾತದ ರೋಗಿಗಳಿಗೆ ಸಿಟಿ ಸ್ಕ್ಯಾನ್ ಹೇಗೂ ಮಾಡುತ್ತಾರೆ, ಹೊಟ್ಟೆಯೊಳಗೆ ರಕ್ತ ಸೋರಿದೆಯೇ ಎಂದು ನೋಡಲು. ಆ ಚಿತ್ರದಲ್ಲಿ ಸೊಂಟದ ಮೊದಲ ಬೆನ್ನುಮಣಿಯೂ ಇರುತ್ತದೆ. ಅದರ ಒಳಭಾಗದ ಸಾಂದ್ರತೆಯನ್ನು ಸಿಟಿ ಚಿತ್ರದ ಅಳತೆಯಾದ ಹೌನ್ಸ್‌ಫೀಲ್ಡ್ ಮಾನದಲ್ಲಿ ಓದಿದರೆ, 110ಕ್ಕಿಂತ ಕೆಳಗಿದ್ದವರಲ್ಲಿ ಆಸ್ಟಿಯೊಪೊರೋಸಿಸ್ ಇರುವ ಸಾಧ್ಯತೆ ಬಹಳ, 160 ದಾಟಿದ್ದರೆ ಕಡಿಮೆ ಎಂದು 2013ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಹೊಸ ಯಂತ್ರ ಬೇಡ, ಹೆಚ್ಚುವರಿ ವಿಕಿರಣವಿಲ್ಲ, ರೇಡಿಯಾಲಜಿ ವರದಿಯಲ್ಲಿ ಒಂದು ಸಾಲು ಹೆಚ್ಚು. ಭಾರತದ ಹೆಂಗಸರಿಗೆ ಅದೇ 110 ಸರಿಹೊಂದುತ್ತದೆಯೇ ಎಂದು ಇಲ್ಲಿ ಅಳೆದು ನೋಡಬೇಕು, ಫ್ಲೋರೈಡ್ ಊರುಗಳವರಿಗಂತೂ ಬೇರೆಯಾಗಿಯೇ.

ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆಚಿಕಿತ್ಸಾ ಸಂಸ್ಥೆ, ವಿಕ್ಟೋರಿಯಾ, ಬೌರಿಂಗ್, ನಿಮ್ಹಾನ್ಸ್, ಸೇಂಟ್ ಜಾನ್ಸ್ ಇರುವ ಈ ನಗರದಲ್ಲಿ ಇಂಥ ಅಧ್ಯಯನಕ್ಕೆ ರೋಗಿಗಳ ಬರವಿಲ್ಲ. ಹರಿಯಾಣದ ರೋಹ್ಟಕ್ ಜಿಲ್ಲೆಯಲ್ಲಿ ಒಂದು ವರ್ಷ ಎಲ್ಲ ಆಸ್ಪತ್ರೆಗಳನ್ನೂ ಸೇರಿಸಿ ಲೆಕ್ಕ ಹಾಕಿ, ಐವತ್ತು ದಾಟಿದ ಲಕ್ಷ ಜನರಲ್ಲಿ 129 ಮಂದಿಗೆ ಸೊಂಟದ ಮುರಿತವಾಗುತ್ತದೆ ಎಂದು 2013ರಲ್ಲಿ ಪ್ರಕಟಿಸಿದ್ದರು. ಒಂದು ಜಿಲ್ಲೆಯ ಕೆಲಸ, ಇಡೀ ದೇಶ ಇಂದಿಗೂ ಅದನ್ನೇ ಉಲ್ಲೇಖಿಸುತ್ತಿದೆ. ಬೆಂಗಳೂರಿನಲ್ಲಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬಹುದು: ಬಿದ್ದ ಕಾರಣ ಏನೇ ಇರಲಿ, ಬಚ್ಚಲೋ, ಬಸ್ಸೋ, ಸಾರುವೆಯೋ, ನಲವತ್ತೈದು ದಾಟಿದ ಪ್ರತಿ ಹೆಂಗಸಿನ ಮುರಿತವನ್ನೂ ಒಂದೇ ಪುಸ್ತಕದಲ್ಲಿ ಬರೆಯುವುದು. ಮುಟ್ಟು ನಿಂತ ವಯಸ್ಸು, ಅಂಡಾಶಯ ಉಳಿದಿದೆಯೇ, ಹಿಂದಿನ ಮುರಿತ, ಕಟ್ಟು ಕಟ್ಟಿಸಿದ್ದರೆ ಅದೂ, ಹುಟ್ಟಿದೂರಿನ ನೀರು, ಸಿಟಿ ತೆಗೆದಿದ್ದರೆ ಬೆನ್ನುಮಣಿಯ ಅಂಕಿ. ವರ್ಷದ ನಂತರ ಒಂದು ಫೋನ್ ಕರೆ, ಏಕೆಂದರೆ ಸೊಂಟ ಮುರಿದವರಲ್ಲಿ ಸರಿಸುಮಾರು ಐದರಲ್ಲೊಬ್ಬರು ಆ ವರ್ಷ ದಾಟುವುದಿಲ್ಲ, ಮತ್ತು ಬದುಕಿದವರಲ್ಲಿ ಬಹುಪಾಲು ಮಂದಿಗೆ ಮೂಳೆಯ ಔಷಧ ಸಿಕ್ಕೇ ಇರುವುದಿಲ್ಲ. ವಾರಕ್ಕೊಂದು ಮಾತ್ರೆಯಾದ ಅಲೆಂಡ್ರೊನೇಟ್‌ನ ಪೇಟೆಂಟ್ ಮುಗಿದು ವರ್ಷಗಳೇ ಆಗಿವೆ. ಸಿಗದಿರುವುದಕ್ಕೆ ಬೆಲೆಯೊಂದೇ ಕಾರಣ ಎನ್ನಲಾಗದು. ಬರೆದುಕೊಡಬೇಕಾದದ್ದು ತಮ್ಮ ಕೆಲಸ ಎಂದು ಶಸ್ತ್ರಚಿಕಿತ್ಸಕರೂ ಭಾವಿಸುವುದಿಲ್ಲ, ಹಾರ್ಮೋನು ತಜ್ಞರ ಬಳಿಗೆ ರೋಗಿ ತಲುಪುವುದೂ ಇಲ್ಲ.

ಇದರ ಜೊತೆಗೆ ಬರ್ಕ್‌ಸನ್ನರ ಎಚ್ಚರಿಕೆಯನ್ನು ನೆನೆದು ಒಂದು ಹೋಲಿಕೆಯ ಗುಂಪೂ ಬೇಕು: ಅದೇ ವಯಸ್ಸಿನ, ಅದೇ ರೀತಿ ಬಿದ್ದ, ಆದರೆ ಮುರಿಯದೆ ಉಳಿದ ಹೆಂಗಸರು. ಅವರನ್ನು ಹುಡುಕುವುದೇ ಕಷ್ಟದ ಕೆಲಸ. ಅವರು ಆಸ್ಪತ್ರೆಗೆ ಬರುವುದಿಲ್ಲ, ಎದ್ದು ಸೀರೆ ಕೊಡವಿಕೊಂಡು ಕೆಲಸಕ್ಕೆ ಹೋಗಿರುತ್ತಾರೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋದಾಗ ‘ಈ ವರ್ಷ ಎಲ್ಲಾದರೂ ಬಿದ್ದಿದ್ದಿರಾ ಅಕ್ಕಾ?’ ಎಂದು ಒಂದು ಪ್ರಶ್ನೆ ಹೆಚ್ಚಿಗೆ ಕೇಳಬಹುದು. ಅವರ ಮೇಲೆ ಈಗಾಗಲೇ ಇರುವ ಸಮೀಕ್ಷೆಗಳ ಹೊರೆ ನೋಡಿದರೆ, ಆ ಒಂದು ಪ್ರಶ್ನೆಗೂ ಪ್ರತ್ಯೇಕ ಸಂಭಾವನೆ ಕೊಟ್ಟೇ ಕೇಳಿಸಬೇಕು.